ತಾನಾಗೇ ಬಂದ ಏಟು

ಡಬಲ್ ಬಾಸ್ ಎಂಬ ಆ ಭಾರಿ ತಂತಿವಾದ್ಯ ಮಧುಗಿರಿಗೆ ಬಂದ ದಿನ ಅದನ್ನು ಕಂಡವರೆಲ್ಲ ಒಂದೊಂದು ಹೆಸರಿಟ್ಟರು. ಸಿಮೆಂಟ್ ಇಳಿಸುವ ಹಮಾಲಿಗಳು ಆನೆಪಿಟೀಲು ಎಂದರು. ಅದನ್ನು ತಂದ ಪ್ರಭುದೇವನ ಹೆಂಡತಿ ಪುಷ್ಪಾವತಿ, ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಅದರ ಪಕ್ಕ ನಿಂತು, ತನಗಿಂತ ಎಷ್ಟು ಎತ್ತರವಿದೆ ಎಂದು ನೋಡಿ ನಕ್ಕಳು. ಅವನ ತಂದೆ ನಾಗಲಿಂಗಯ್ಯನವರು ಮಾತ್ರ, "ಇದನ್ನ ಎಲ್ಲಿ ಇಡ್ತೀಯೋ?" ಎಂದು ಕೇಳಿದರು.

ಅದನ್ನು ಇಟ್ಟದ್ದು ಹಾರ್ಡ್‌ವೇರ್ ಅಂಗಡಿಯ ಹಿಂದಿನ ಗೋಡೌನಿನಲ್ಲಿ, ಪಿವಿಸಿ ಪೈಪುಗಳ ಪಕ್ಕ. ಪ್ರಭುದೇವ ಓದುವಾಗಿನಿಂದ ಬೆಂಗಳೂರಿನ ಹೋಟೆಲುಗಳಲ್ಲಿ ಜಾಝ್ ನುಡಿಸುವವರ ಜೊತೆ ಬಾಸ್ ನುಡಿಸಿಕೊಂಡು ಓಡಾಡಿದವನು. ಅಂಗಡಿ ನೋಡಿಕೊಳ್ಳಲು ಊರಿಗೆ ಮರಳಿದ ಮೇಲೂ ಕೈ ಸುಮ್ಮನಿರಲಿಲ್ಲ. ಕೆಜಿಎಫ್‌ನಲ್ಲಿ ಬಾಗಿಲು ಮುಚ್ಚಿದ ಒಂದು ಕ್ಲಬ್ಬಿನಲ್ಲಿ ಈ ವಾದ್ಯ ಧೂಳು ತಿನ್ನುತ್ತಿದೆ ಎಂದು ಯಾರೋ ಹೇಳಿದಾಗ ಓಮ್ನಿ ತೆಗೆದುಕೊಂಡು ಹೋಗಿ ತಂದುಬಿಟ್ಟಿದ್ದ.

ಊರಿನಲ್ಲಿ ಅದನ್ನು ಯಾರ ಜೊತೆ ನುಡಿಸುವುದು? ಆ ಪ್ರಶ್ನೆಗೆ ಉತ್ತರ ತಂದವನು ನರಸಿಂಹರಾಜು. ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಕ. ಶಾಲೆಯ ಗೇಟಿಗೆ ಬಣ್ಣ ಕೊಳ್ಳಲು ಅಂಗಡಿಗೆ ಬಂದವನು ಗೋಡೌನಿನಿಂದ ಬರುತ್ತಿದ್ದ ಸದ್ದು ಕೇಳಿ ಒಳಗೆ ನಡೆದಿದ್ದ. ಅರ್ಧ ಗಂಟೆ ಸುಮ್ಮನೆ ನಿಂತು ಕೇಳಿ, "ನಾನು ಡೋಲು ಬಾರಿಸ್ತೀನಿ. ನಾಳೆ ತರಲಾ?" ಎಂದಿದ್ದ. ಮರುವಾರ ಅವನೇ ಪಾವಗಡದ ಕಡೆಯ ರಾಯಚರ್ಲಿನಿಂದ ಓಬಳಮ್ಮನನ್ನು ಕರೆತಂದ. ಓಬಳಮ್ಮ ಸೋಲಾರ್ ಪಾರ್ಕಿನಲ್ಲಿ ಬಿಸಿಲು ಹಿಡಿಯುವ ಪ್ಲೇಟು ತೊಳೆಯುವ ಕೆಲಸಕ್ಕೆ ಹೋಗುವವಳು. ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಅವಳು ರಾಗಿ ಬೀಸುವ ಪದಗಳನ್ನು ಎತ್ತಿಕೊಂಡರೆ ಗೋಡೌನಿನ ತಗಡು ಅದುರುತ್ತಿತ್ತು.

ಹೀಗೆ ಭಾನುವಾರಗಳಂದು ಮೂವರೂ ಕೂಡತೊಡಗಿದರು. ಮೊದಮೊದಲು ಹಾಡು ಕೂಡಿಬರಲಿಲ್ಲ. ತಪ್ಪು ಬಾಸಿನದೇ ಆಗಿತ್ತು.

"ನಿನ್ ಸೌಂಡು ಬಾಳ ಹೊತ್ತು ನಿಂತ್ಕಂತದೆ ಕಣೋ ಪ್ರಭು," ಎಂದ ನರಸಿಂಹರಾಜು. "ಒಂದು ಏಟು ಬಿದ್ದು ಮುಗೀಬೇಕು. ನಿಂದು ಮುಗಿಯೋದೇ ಇಲ್ಲ, ಅತ್ಲಾಗೆ ಓಬಳಮ್ಮನ ಮುಂದಿನ ಸಾಲು ಬಂದ್ಬುಡ್ತದೆ."

ಸರಿಯಾದ ಮಾತು. ಬಾಸಿಗಿದ್ದದ್ದು ಬಿಗಿಯಾದ ಉಕ್ಕಿನ ತಂತಿ. ಹೋಟೆಲಿನಲ್ಲಿ ಪಿಯಾನೋದ ಜೊತೆ ಅದು ಚೆನ್ನ, ಒಮ್ಮೆ ಮೀಟಿದರೆ ಉದ್ದಕ್ಕೆ ಹಾಡುತ್ತಾ ಹೋಗುತ್ತದೆ. ಬೀಸುವ ಪದಕ್ಕೆ ಬೇಕಾದದ್ದು ಗುದ್ದಿನಂಥ ನಾದ. ಪ್ರಭುದೇವ ಉಕ್ಕಿನ ತಂತಿ ಬಿಚ್ಚಿ ಮೆತ್ತಗಿನ ನೈಲಾನ್ ತಂತಿ ಹಾಕಿದ. ತಂತಿಗಳನ್ನು ಹೊತ್ತು ನಿಲ್ಲುವ ಬ್ರಿಜ್ಜಿನ ಕಾಲಿಗೆ ತೆಳ್ಳನೆ ಮರದ ಚಕ್ಕೆ ಕೊಟ್ಟು ಎತ್ತರಿಸಿದ. ವಾದ್ಯದ ಹೊಟ್ಟೆಯೊಳಗೆ, ಮುಂದಿನ ಹಲಗೆಗೂ ಹಿಂದಿನ ಹಲಗೆಗೂ ನಡುವೆ, ಗೂಟದ ಹಾಗೆ ನಿಲ್ಲಿಸಿದ ಒಂದು ಕಡ್ಡಿ ಇರುತ್ತದೆ. ಅಂಟಿಲ್ಲ, ಮೊಳೆಯಿಲ್ಲ, ತಂತಿಯ ಒತ್ತಡದಲ್ಲೇ ನಿಲ್ಲುವ ಕಡ್ಡಿ. ಅದು ಕೂದಲೆಳೆಯಷ್ಟು ಸರಿದರೂ ದನಿ ಬದಲಾಗುತ್ತದೆ. ಹಲಗೆಯ ಸೀಳಿನೊಳಗೆ ಬಗ್ಗಿಸಿದ ಸರಳು ತೂರಿಸಿ ಪ್ರಭುದೇವ ಅದನ್ನು ಸರಿಸುತ್ತಿದ್ದ. ನರಸಿಂಹರಾಜು ನೆಲದ ಮೇಲೆ ಮಲಗಿ ಮೊಬೈಲ್ ಟಾರ್ಚ್ ಹಿಡಿದು, "ಇನ್ನೊಂಚೂರು... ಸಾಕ್ ಸಾಕ್, ಬುಡು," ಎನ್ನುತ್ತಿದ್ದ. ಕೊನೆಗೆ ತಂತಿಗಳ ಕೆಳಗೆ ಹಳೆಯ ಬನಿಯನ್ನಿನ ತುಂಡು ಸಿಕ್ಕಿಸಿದಾಗ, ಮೀಟಿದ ನಾದ ಧೊಪ್ಪೆಂದು ಬಿದ್ದು ಅಲ್ಲೇ ಮುಗಿಯಿತು. ಓಬಳಮ್ಮ ಅಡಿಕೆ ಜಗಿಯುವುದನ್ನು ನಿಲ್ಲಿಸಿ, "ಅದೀ! ಇವಾಗ ಕೂತ್ಕಂತು ನೋಡು ನಾಯನಾ," ಎಂದಳು.

ವಾದ್ಯ ಪಳಗಿದ ಮೇಲೆ ಕೈ ಪಳಗಬೇಕಿತ್ತು. ಅದನ್ನು ಕಲಿಸಿದ್ದೂ ನರಸಿಂಹರಾಜುವೇ. ಡೋಲಿನ ಒಂದು ಮೈಗೆ ಕೋಲು, ಇನ್ನೊಂದಕ್ಕೆ ಅಂಗೈ. ಕೋಲಿನ ಏಟನ್ನು ಬಾಸಿನ ತಂತಿ ಎಳೆದು ಬಿಟ್ಟು ತರುವುದು, ಅಂಗೈಯ ಏಟನ್ನು ತಂತಿಗಳ ಕೆಳಗಿನ ಬೆರಳಹಲಗೆಗೆ ತಟ್ಟಿ ತರುವುದು ಹೇಗೆಂದು ಇಬ್ಬರೂ ಸೇರಿ ಹುಡುಕಿದರು. ಅದರಲ್ಲಿ ತಾಳದ ಒಂದು ನಡೆ ಬಹಳ ವಿಚಿತ್ರವಾದದ್ದು. ಓಡುತ್ತ ಬಂದು ಎಡವಿದಂತೆ ಆಗಿ, ಬೀಳದೆ, ಮತ್ತೆ ಓಡುವ ನಡೆ.

"ಇದು ಅಪ್ಪಂದು," ಎಂದಿದ್ದ ನರಸಿಂಹರಾಜು. "ಅಪ್ಪನೇ ಕಟ್ಟಿದ್ದು. ಬೇರೆ ಯಾರ ಕೈಲೂ ಇಲ್ಲ."

ಅವನ ಅಪ್ಪ ಗಂಗಯ್ಯ ಶಿರಾ ತಾಲೂಕಿನ ತಾವರೆಕೆರೆಯವರು, ಲೈನ್‌ಮನ್ ಆಗಿ ನಿವೃತ್ತರಾದವರು. ಹರೆಯದಲ್ಲಿ ಸುತ್ತಲ ಹಳ್ಳಿಗಳಲ್ಲಿ ಅವರ ಡೋಲಿಲ್ಲದೆ ಒಂದು ಮದುವೆ, ಒಂದು ಮೆರವಣಿಗೆಯೂ ನಡೆಯುತ್ತಿರಲಿಲ್ಲ. ಎಲ್ಲ ಕಡೆಯೂ ಅವರು ಚಪ್ಪರದ ಆಚೆ ನಿಂತೇ ಬಾರಿಸಬೇಕಿತ್ತು. ಬೌದ್ಧರಾದ ವರ್ಷ ಅವರು ಡೋಲನ್ನು ಅಟ್ಟಕ್ಕೇರಿಸಿ, ಕರೆಯಲು ಬಂದವರಿಗೆ, "ನಿಮ್ಮ ಮನೆ ಮುಂದೆ ನಿಂತು ಇನ್ನು ಹೊಡೆಯಲ್ಲ," ಎಂದು ಹೇಳಿ ಕಳಿಸಿದರು. ಮಗ ದೊಡ್ಡವನಾಗಿ ಕಲಿಸೆಂದು ಕೇಳಿದಾಗಲೂ ಒಪ್ಪಿರಲಿಲ್ಲ. "ಈಗ ವೇದಿಕೆ ಮೇಲೆ ಕುರ್ಚಿ ಹಾಕ್ಕಂಡು ಬಾರಿಸ್ತೀವಪ್ಪ. ನಮ್ ಹೆಸರು ಕರೆದು ಕೂರಿಸ್ತಾರೆ," ಎಂದು ನರಸಿಂಹರಾಜು ಬಹಳ ದಿನ ಬೆನ್ನು ಹತ್ತಿದ ಮೇಲೆ ಅಟ್ಟದಿಂದ ಡೋಲು ಇಳಿದಿತ್ತು.

ಇದೆಲ್ಲ ಪ್ರಭುದೇವನಿಗೆ ಗೊತ್ತಿತ್ತು. ಗೋಡೌನಿನಲ್ಲಿ ಟೀ ಕುಡಿಯುತ್ತ ನರಸಿಂಹರಾಜುವೇ ಹೇಳಿದ್ದ.

ಬೆಂಗಳೂರಿನ ಶ್ರೀಲತಾ ಇವರ ಹಾಡುಗಳನ್ನು ಧ್ವನಿಮುದ್ರಣ ಮಾಡಲು ಬಂದದ್ದು ಬೇಸಿಗೆ ಶುರುವಾಗುವ ಮುಂಚೆ. ಹಳ್ಳಿಯ ಹಾಡುಗಾರರನ್ನು ಹುಡುಕಿ ಹೋಗಿ ರೆಕಾರ್ಡ್ ಮಾಡಿ ಜಗತ್ತಿಗೆ ಕೇಳಿಸುವುದು ಅವಳ ಕೆಲಸ. ಮದುವೆಗಳಿಲ್ಲದೆ ಖಾಲಿಯಿದ್ದ ಒಂದು ಕಲ್ಯಾಣ ಮಂಟಪದಲ್ಲಿ ಮೈಕು ಹೂಡಿದಳು. ಮೊದಲ ದಿನ ಮೂವರೂ ನುಡಿಸಿದರು. ಡೋಲಿನ ಸದ್ದು ಮಂಟಪದ ಗೋಡೆಗೆಲ್ಲ ಬಡಿದು ಎಲ್ಲ ಮೈಕುಗಳಿಗೂ ನುಗ್ಗಿ ಓಬಳಮ್ಮನ ದನಿಯನ್ನೇ ನುಂಗಿಹಾಕುತ್ತಿತ್ತು. ಪರದೆ ಕಟ್ಟಿ ನೋಡಿದರು, ದೂರ ಕೂರಿಸಿ ನೋಡಿದರು. ಸರಿಹೋಗಲಿಲ್ಲ. ಮರುದಿನ ನರಸಿಂಹರಾಜುವಿಗೆ ತಾಲೂಕು ಕ್ರೀಡಾಕೂಟದ ಡ್ಯೂಟಿ. ಅವನು ಬರುವುದು ಸಂಜೆಯಾಗುತ್ತಿತ್ತು.

"ಒಂದು ಸಲ ಡೋಲಿಲ್ಲದೆ ನೋಡೋಣ್ವಾ ಪ್ರಭು? ಬರೀ ದನಿ, ಬರೀ ಬಾಸ್," ಎಂದಳು ಶ್ರೀಲತಾ.

ಓಬಳಮ್ಮ ಹಾಡಿದಳು. ಎರಡನೆಯ ಸಾಲಿಗೆ ಬರುವಾಗ ಪ್ರಭುದೇವನ ಕೈ ಆ ಎಡವಿ ಓಡುವ ನಡೆಯನ್ನು ಹಿಡಿಯಿತು. ಮೆತ್ತಗಿನ ತಂತಿ ಧೊಪ್ಪೆಂದಿತು, ಬೆರಳಹಲಗೆ ಚಟ್ಟೆಂದಿತು. ಹಾಡಿನ ಕೆಳಗೆ ನೆಲವೇ ನಡೆದುಬಂದಂತಾಯಿತು. ಮುಗಿದಾಗ ಶ್ರೀಲತಾ ಕಿವಿಯಿಂದ ಹೆಡ್‌ಫೋನ್ ತೆಗೆದು ಪ್ರಭುದೇವನ ಕಡೆ ತಿರುಗಿದಳು. ಓಬಳಮ್ಮ ನೀರು ಕುಡಿಯಲು ಹೊರಗೆ ಹೋದಳು.

"ಇಂಥ ತಾಳ ನಾನು ಎಲ್ಲೂ ಕೇಳಿಲ್ಲ. ಎಲ್ಲಿಂದ ಬಂತು ಇದು ನಿಮಗೆ?" ಎಂದಳು ಶ್ರೀಲತಾ.

ಪ್ರಭುದೇವನಿಗೆ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅವಳ ಕಣ್ಣಲ್ಲಿ ಹೊಳೆಯುತ್ತಿದ್ದ ಮೆಚ್ಚುಗೆ ಬಹಳ ವರ್ಷ ಅವನು ಕಾಣದಿದ್ದದ್ದು. ಹೋಟೆಲಿನವರು ಬಾಸ್ ನುಡಿಸುವವನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

"ಏನೋಪ್ಪ," ಎಂದು ನಕ್ಕ. "ಕೈಗೆ ತಾನಾಗೇ ಬಂತು."

ಸಂಜೆ ನರಸಿಂಹರಾಜು ಕುತ್ತಿಗೆಯ ಸೀಟಿಯನ್ನೂ ತೆಗೆಯದೆ ಓಡಿಬಂದಾಗ ಶ್ರೀಲತಾ ಹೊರಟುಹೋಗಿದ್ದಳು.

"ಡೋಲು ಮೈಕಿಗೆ ಕೂರಲಿಲ್ವಂತೆ ರಾಜು. ಆ ಹಾಡಿಗೆ ಬೇಡ ಅಂದ್ಬುಟ್ರು," ಎಂದ ಪ್ರಭುದೇವ. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಶ್ರೀಲತಾ ಕೇಳಿದ ಪ್ರಶ್ನೆಯ ಮಾತನ್ನು ಮಾತ್ರ ಎತ್ತಲಿಲ್ಲ.

"ಒಂದು ಹಾಡು ತಾನೆ, ಓಗ್ಲಿ ಬುಡು," ಎಂದ ನರಸಿಂಹರಾಜು. ಬಾಸನ್ನು ಓಮ್ನಿಗೆ ಏರಿಸಲು ಕೈ ಕೊಟ್ಟ. ಅದರ ಕುತ್ತಿಗೆಗೆ ಏಟಾಗದಂತೆ ತನ್ನ ಸ್ವೆಟರ್ ಬಿಚ್ಚಿ ಕೆಳಗಿಟ್ಟ.

ಹಾಡು ಇಂಟರ್‌ನೆಟ್ಟಿಗೆ ಬಂತು. ಅದರ ಕೆಳಗೆ ಓಬಳಮ್ಮನ ಹೆಸರು, ಮುಂದಿನ ಸಾಲಿನಲ್ಲಿ 'ಬಾಸ್ ಮತ್ತು ತಾಳ ಸಂಯೋಜನೆ: ಪ್ರಭುದೇವ್, ಮಧುಗಿರಿ' ಎಂದು ಇಂಗ್ಲಿಷಿನಲ್ಲಿತ್ತು. ಎಲ್ಲೆಲ್ಲಿಯವರೋ ಕೇಳಿದರು. ಮೊದಲು ಜೊತೆಯಲ್ಲಿ ನುಡಿಸಿದ್ದ ಜಾಝ್ ಗೆಳೆಯರು ಫೋನ್ ಮಾಡಿ, ಆ ಬಲಗೈ ಹೇಗೆ ಸಾಧಿಸಿದೆ ಮಾರಾಯ ಎಂದರು. ಪ್ರತಿ ಫೋನಿಗೂ ಪ್ರಭುದೇವ ಒಂದೊಂದು ಉತ್ತರ ಕೊಟ್ಟ, ಯಾವುದರಲ್ಲೂ ತಾವರೆಕೆರೆ ಬರಲಿಲ್ಲ. ಬೆಂಗಳೂರಿನ ಒಂದು ಸಂಗೀತ ಉತ್ಸವದಿಂದ ಕರೆ ಬಂತು. ಓಬಳಮ್ಮ ಮತ್ತು ಬಾಸ್, ಇಬ್ಬರೇ ಬಂದರೆ ಚೆನ್ನ ಎಂದರು.

ಆಮೇಲಿನ ಭಾನುವಾರಗಳಲ್ಲಿ ಪ್ರಭುದೇವನಿಗೆ ಏನಾದರೊಂದು ನೆವ ಇರುತ್ತಿತ್ತು. ಸ್ಟಾಕ್ ಬಂದಿದೆ, ಕೊರಟಗೆರೆಯಲ್ಲಿ ಬೀಗರ ಮನೆ ಗೃಹಪ್ರವೇಶ, ಮಗುವಿಗೆ ಜ್ವರ. ಶಾಲೆಯ ಮುಂದಿನ ರಸ್ತೆ ಬಿಟ್ಟು ಸುತ್ತಿ ಹೋಗತೊಡಗಿದ. ಗೋಡೌನಿಗೆ ಹೋಗಿ ಬಾಸ್ ಹಿಡಿದರೆ ಕೈ ಆ ನಡೆಗೇ ಹೋಗುತ್ತಿತ್ತು. ಹೋದೊಡನೆ ವಾದ್ಯವನ್ನು ಗೋಡೆಗೆ ಒರಗಿಸಿಬಿಡುತ್ತಿದ್ದ. ಆಗಲೇ ಅವನಿಗೆ ಇನ್ನೊಂದು ವಿಷಯ ಹೊಳೆದದ್ದು. ಮನೆಯಲ್ಲಿ ಅಷ್ಟು ದೊಡ್ಡ ಹಜಾರ ಇದ್ದರೂ ಡೋಲು ಒಂದು ದಿನವೂ ಮನೆಯ ಹೊಸಿಲು ದಾಟಿರಲಿಲ್ಲ. ಬೇಡವೆಂದು ಯಾರೂ ಅಂದಿರಲಿಲ್ಲ. ತಾನೂ ಕರೆದಿರಲಿಲ್ಲ. ಗೋಡೌನಿನಲ್ಲಿ ಸದ್ದು ಚೆನ್ನಾಗಿ ಬರುತ್ತದೆ ಎಂದು ತನಗೆ ತಾನೇ ಹೇಳಿಕೊಂಡಿದ್ದ.

"ರಾಜಣ್ಣ ಯಾಕೆ ಬರ್ತಿಲ್ಲ?" ಎಂದು ಪುಷ್ಪಾವತಿ ಕೇಳಿದಳು.

"ಸ್ಕೂಲಲ್ಲಿ ಕೆಲಸ."

"ನೀವು ಜಗಳ ಆಡಿದ್ರಾ?"

"ಜಗಳ ಆಡಿದ್ರೆ ಚೆನ್ನಾಗಿತ್ತು," ಎಂದುಬಿಟ್ಟ ಪ್ರಭುದೇವ. ಅವಳು ಮುಂದೆ ಕೇಳುವ ಮೊದಲೇ ಅಂಗಡಿಗೆ ಎದ್ದುಹೋದ.

ಒಂದು ಬೆಳಿಗ್ಗೆ ಗಂಗಯ್ಯನವರೇ ಫೋನ್ ಮಾಡಿದರು.

"ಹಾಡು ಕೇಳ್ದೆ ಕಣಪ್ಪ. ಮೊಮ್ಮಗಳು ಕೇಳಿಸಿದ್ಲು. ಬಾಳ ಖುಸಿ ಆಯ್ತು. ಭಾನುವಾರ ಊಟಕ್ಕೆ ಬರ್ಬೇಕು. ನಿಮಗೆ ಬೇಕಾದಂಗೇ ಅಡುಗೆ ಮಾಡಿಸ್ತೀನಿ, ಹುಳ್ಳಿಕಾಳು ಬಸ್ಸಾರು."

ಈ ಸಲ ಪ್ರಭುದೇವ ನೆವ ಹೇಳದೆ ಬರುತ್ತೇನೆ ಎಂದ.

ತಾವರೆಕೆರೆಯ ಮನೆಯ ಮುಂದೆ ಬೇವಿನ ನೆರಳಲ್ಲಿ ಗಂಗಯ್ಯ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕುಳಿತಿದ್ದರು. ನರಸಿಂಹರಾಜು ಮೊಸರು ತರಲು ಹೋಗಿದ್ದನಂತೆ. ಮುದುಕರು ಪ್ರಭುದೇವನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು ಮೊಬೈಲಿನಲ್ಲಿ ಹಾಡು ಹಾಕಿದರು. ಆ ನಡೆ ಬಂದೊಡನೆ ಅವರ ಎರಡೂ ಕೈ ತೊಡೆಯ ಮೇಲೆ ಬಿದ್ದವು.

"ಇಲ್ಲಿ ನೋಡಿ, ಇಲ್ಲಿ! ಇದು ನನ್ನ ಏಟು. ಕಂಬದ ಮೇಲೆ ಕೂತು ವೈರು ಎಳೆಯೋವಾಗ ಕಟ್ಟಿದ್ದು ಇದ್ನ. ಡೋಲು ಬುಟ್ಟು ಇಷ್ಟು ವರ್ಷ ಆದ್ಮೇಲೆ ಪರಪಂಚ ಕೇಳ್ತಾ ಅದೆ. ನಮ್ ರಾಜು ಎಂಗೆ ಬಾರ್ಸವ್ನೆ ನೋಡಿ, ಡೋಲು ಮಾತಾಡ್ತಾ ಅದೆ. ಊರಲ್ಲಿ ಎಲ್ರಿಗೂ ಕೇಳಿಸ್ಬುಟ್ಟಿದೀನಿ. ಹೆಸರು ಎಲ್ಲಿ ಹಾಕವ್ರೆ, ವಸಿ ತೋರ್ಸಿ. ನಂಗೆ ಆ ಇಂಗ್ಲೀಸ್ ಅಕ್ಷರ ಗೊತ್ತಾಗಕಿಲ್ಲ."

ಅವರು ಮೊಬೈಲನ್ನು ಪ್ರಭುದೇವನ ಕೈಗಿಟ್ಟರು. ಅಷ್ಟೊತ್ತಿಗೆ ಮೊಸರಿನ ಪಾತ್ರೆ ಹಿಡಿದು ನರಸಿಂಹರಾಜು ಗೇಟಿನಲ್ಲಿ ನಿಂತಿದ್ದ. ಅವನು ಒಳಗೆ ಬರಲಿಲ್ಲ.

"ಗಂಗಯ್ಯನೋರೆ," ಎಂದ ಪ್ರಭುದೇವ. "ಇದರಲ್ಲಿ ಡೋಲಿಲ್ಲ. ರಾಜು ಅವತ್ತು ಇರ್ಲೇ ಇಲ್ಲ. ಇದು ನನ್ನ ಬಾಸು. ನಿಮ್ಮ ಏಟನ್ನ ನಾನು ನುಡಿಸಿದ್ದು. ಎಲ್ಲಿಂದ ಬಂತು ಅಂತ ಅವರು ಕೇಳಿದ್ರು. ತಾನಾಗೇ ಬಂತು ಅಂದ್ಬಿಟ್ಟೆ. ಇಲ್ಲಿ ಇರೋದು ನನ್ನ ಹೆಸರು."

ಹಾಡು ಇನ್ನೂ ನಡೆಯುತ್ತಲೇ ಇತ್ತು. ಗಂಗಯ್ಯ ಕೈ ಚಾಚಿ ಮೊಬೈಲ್ ತೆಗೆದುಕೊಂಡು, ನಿಲ್ಲಿಸಲು ಗೊತ್ತಾಗದೆ, ಅದನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡರು. ಮಗನ ಕಡೆ ನೋಡಿದರು.

"ನಿಂಗೆ ಗೊತ್ತಿತ್ತಾ?"

"ಕೇಳಿದ ದಿನವೇ ಗೊತ್ತಾಯ್ತಪ್ಪ," ಎಂದ ನರಸಿಂಹರಾಜು. "ನೀನು ಆಗ್ಲೇ ಊರ ತುಂಬ ಹೇಳ್ಕಂಡು ಬಂದಿದ್ದೆ. ಎಂಗೆ ಹೇಳ್ಲಿ?" ಆಮೇಲೆ ಪ್ರಭುದೇವನ ಕಡೆ ತಿರುಗಿದ. "ನಿನ್ ಸುಳ್ಳು ನಿನ್ನತ್ರ ಇಟ್ಕಂಡಿದ್ರೆ ಆಗ್ತಿತ್ತು ಕಣೋ. ನಮ್ಮಪ್ಪನ ಮುಂದೆ ನನ್ ಕೈಲೂ ಸುಳ್ಳು ಹೇಳಿಸ್ಬುಟ್ಟೆ."

ಗಂಗಯ್ಯನವರ ದನಿಯಲ್ಲಿ ಸಿಟ್ಟಿರಲಿಲ್ಲ, ಪ್ರಭುದೇವನಿಗೆ ಅದನ್ನೇ ತಡೆಯಲಾಗಲಿಲ್ಲ.

"ಆವಾಗ ನಾವು ಹೊಡೀತಿದ್ವಿ, ನೀವು ಕೇಳ್ತಿದ್ರಿ. ಆಚೆ ನಿಂತ್ಕಂಡಿದ್ರೂ ಹೊಡೆಯೋನು ಗಂಗ ಅಂತ ಎಲ್ರಿಗೂ ಗೊತ್ತಿರೋದು. ಈಗ ಹೊಡೆಯೋದೂ ನೀವೇನಾ?"

ಪ್ರಭುದೇವ ಅಲ್ಲಿಂದಲೇ ಶ್ರೀಲತಾಗೆ ಫೋನ್ ಮಾಡಿದ. ಇಬ್ಬರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿ, ನಡೆದದ್ದನ್ನು ಒಂದೂ ಬಿಡದೆ ಹೇಳಿದ.

"ನಾನು ನೇರವಾಗಿ ಕೇಳಿದ್ದೆ ಪ್ರಭು," ಎಂದಳು ಅವಳು. "ಇದೇ ನನ್ನ ಕೆಲಸ. ಯಾರದ್ದು ಯಾವುದು ಅಂತ ಸರಿಯಾಗಿ ಹೇಳೋದು. ನನ್ನನ್ನೂ ಕಳ್ಳಿ ಮಾಡಿಬಿಟ್ರಿ." ಆಮೇಲೆ ಗಂಗಯ್ಯನವರ ಕ್ಷಮೆ ಕೇಳಿದಳು, ಅವರ ಪೂರ್ತಿ ಹೆಸರು, ಊರು ಕೇಳಿ ಬರೆದುಕೊಂಡಳು. ಉತ್ಸವಕ್ಕೆ ನರಸಿಂಹರಾಜು ಬರಲೇಬೇಕು, ಡೋಲಿಗೆ ಸರಿಯಾಗಿ ಮೈಕು ಹೂಡುವುದು ತನ್ನ ಜವಾಬ್ದಾರಿ ಎಂದಳು.

"ನಾನು ಬರಲ್ಲ ಮೇಡಂ," ಎಂದ ನರಸಿಂಹರಾಜು. "ಇವನು ಸತ್ಯವಂತ ಆದ ಅಂತ ಸಾಕ್ಷಿ ಹೇಳಕ್ಕೆ ನಾನ್ಯಾಕೆ ಬರ್ಲಿ?"

ಅಡುಗೆಯಾಗಿತ್ತು. ಗಂಗಯ್ಯ ಊಟ ಮಾಡದೆ ಹೋಗಬಾರದೆಂದರು. ಮುದ್ದೆ, ಬಸ್ಸಾರು ಬಡಿಸಿದರು. ಪ್ರಭುದೇವ ತಲೆ ತಗ್ಗಿಸಿಕೊಂಡು ಉಂಡ. ನರಸಿಂಹರಾಜು ಒಳಗೇ ಉಳಿದ.

ಓಬಳಮ್ಮನಿಗೆ ಹೇಳುವುದು ಇನ್ನೂ ಬಾಕಿ ಇತ್ತು. ಮರುದಿನ ಪ್ರಭುದೇವ ರಾಯಚರ್ಲಿಗೆ ಹೋದ. ಕೆಲಸ ಮುಗಿಸಿ ಸೋಲಾರ್ ಪ್ಲೇಟುಗಳ ಸಾಲಿನ ನಡುವೆ ನಡೆದು ಬರುತ್ತಿದ್ದ ಅವಳು ಎಲ್ಲ ಕೇಳಿಸಿಕೊಂಡು ಸೆರಗಿನಲ್ಲಿ ಮುಖ ಒರೆಸಿದಳು.

"ಅಯ್ಯೋ ನಾಯನಾ. ರಾಜಣ್ಣ ಬೇರೆ ಹಾಡಿಗೆ ಬಾರಿಸ್ತಾನೆ ಅಂದ್ಕೊಂಡು ನಾನೂ ಬಾಯಿ ಮುಚ್ಕೊಂಡಿದ್ದೆನಲ್ಲ. ನನ್ನ ಹಾಡನ್ನೂ ಮೈಲಿಗೆ ಮಾಡಿಟ್ಟೆ." ಸ್ವಲ್ಪ ದೂರ ನಡೆದು ನಿಂತಳು. "ನಿನ್ನ ಪಾಪ ನಿಂದು. ನಂಗೆ ಹಾಡಬೇಕು. ಇಷ್ಟು ವಯಸ್ಸಾದ್ಮೇಲೆ ಒಂದು ಸಲ ಕರೆದವ್ರೆ. ನಾನು ರಾಜಣ್ಣನ್ನ ಕೇಳ್ತೀನಿ, ನೀನು ನಡುವೆ ಬರ್ಬೇಡ, ಸರೇನಾ?"

ಅವಳು ಏನು ಹೇಳಿದಳೋ ಪ್ರಭುದೇವನಿಗೆ ಗೊತ್ತಾಗಲಿಲ್ಲ. ನರಸಿಂಹರಾಜು ಒಪ್ಪಿದ.

ಡೋಲು ಇದ್ದ ಮೇಲೆ ಬಾಸ್ ಡೋಲಿನಂತೆ ಗುದ್ದುವ ಅಗತ್ಯ ಇರಲಿಲ್ಲ. ಉತ್ಸವಕ್ಕೆ ಮುಂಚೆ ಪ್ರಭುದೇವ ಗೋಡೌನಿನಲ್ಲಿ ಒಬ್ಬನೇ ಕುಳಿತು ಬನಿಯನ್ ತುಂಡು ತೆಗೆದ, ಬ್ರಿಜ್ಜನ್ನು ತಗ್ಗಿಸಿದ, ಉಕ್ಕಿನ ತಂತಿ ಮತ್ತೆ ಏರಿಸಿದ. ಒಳಗಿನ ಕಡ್ಡಿ ಸರಿಸುವಾಗ ಟಾರ್ಚ್ ಹಿಡಿಯುವವರಿರಲಿಲ್ಲ. ಮೊಬೈಲನ್ನು ಬಾಯಲ್ಲಿ ಕಚ್ಚಿಕೊಂಡು ಮಾಡಿದ. ಕಡ್ಡಿ ಎರಡು ಸಲ ಉರುಳಿ ಬಿತ್ತು. ಹೊಟ್ಟೆಯೊಳಗಿಂದ ಬಂದ ಆ ಟೊಳ್ಳು ಸದ್ದಿಗೆ ಅವನು ಸರಳು ಕೆಳಗಿಟ್ಟು ಪೈಪುಗಳಿಗೆ ಒರಗಿ ಕುಳಿತುಬಿಟ್ಟ. ಆಮೇಲೆ ಮತ್ತೆ ಎದ್ದು ನಿಲ್ಲಿಸಿದ.

ಉತ್ಸವದ ಮಧ್ಯಾಹ್ನ ಚೆನ್ನಾಗಿಯೇ ಆಯಿತು. ವೇದಿಕೆಯ ಮೇಲೆ ಮೂರು ಕುರ್ಚಿ ಹಾಕಿದ್ದರು. ನಡುವಿನದು ಓಬಳಮ್ಮನದು, ಅದರ ಪಕ್ಕದ್ದು ನರಸಿಂಹರಾಜುವಿನದು. ಪ್ರಭುದೇವ ನಿಂತೇ ನುಡಿಸುವವನಾದ್ದರಿಂದ ತನ್ನ ಕುರ್ಚಿಯನ್ನು ಹಿಂದಕ್ಕೆ ಸರಿಸಿದ. ನಿರೂಪಕಿ ಗಂಗಯ್ಯನವರ ಹೆಸರನ್ನು ಊರಿನ ಸಮೇತ ಓದಿದಳು. ಆ ನಡೆ ಈ ಸಲ ಚರ್ಮದ ಮೇಲೆ, ಕೋಲಿನ ತುದಿಯಿಂದ ಬಂತು. ಎಡವಿತು, ಬೀಳದೆ ಓಡಿತು. ಬಾಸ್ ಅದರ ಅಡಿಯಲ್ಲಿ ಉದ್ದವಾದ ಒಂದೊಂದೇ ಸ್ವರ ಹಿಡಿದು ನಿಂತಿತು. ತಂತಿ ಹೀಗೆ ನುಡಿಯುತ್ತ ಹೋದದ್ದು ಸರಿಯಾಗಿಯೇ ಇದೆ ಎಂದು ಅವನ ಕಿವಿಗೆ ಗೊತ್ತಾಯಿತು. ಅದನ್ನು ಹೇಳಿಕೊಳ್ಳಲು ಅವನು ನರಸಿಂಹರಾಜುವಿನ ಮುಖ ನೋಡಿದ. ನರಸಿಂಹರಾಜು ಓಬಳಮ್ಮನ ತುಟಿಯನ್ನೇ ನೋಡುತ್ತಿದ್ದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ರಾತ್ರಿ ಬೆಂಗಳೂರಿನಲ್ಲೇ ಉಳಿದು ಬೆಳಿಗ್ಗೆ ಹೊರಟರು. ಓಬಳಮ್ಮ ಹಿಂದಿನ ಸೀಟಿನಲ್ಲಿ ಬಾಸಿನ ಪಕ್ಕ ಕಾಲು ಮಡಚಿ ನಿದ್ದೆ ಹೋಗಿದ್ದಳು. ಗಾಡಿ ಕೊರಟಗೆರೆ ದಾಟಿತು. ಮಧುಗಿರಿಯ ಬಂಡೆ ಕಾಣಿಸಿದಾಗ ನರಸಿಂಹರಾಜು, "ಬಸ್‌ಸ್ಟ್ಯಾಂಡ್ ಹತ್ರ ನಿಲ್ಸು," ಎಂದ.

"ಓಬಳಮ್ಮನ್ನ ಬಿಟ್ಟು ತಾವರೆಕೆರೆಗೇ ಬಿಡ್ತೀನಿ ರಾಜು. ಅಥವಾ ಈಗ ಮನೆಗೆ ಬಾ. ಡೋಲೂ ತಗೊಂಡು ಒಳಗೆ ಬಾ. ಪುಷ್ಪಾಗೂ ಹೇಳಿದೀನಿ, ಅಪ್ಪಾಜಿಗೂ ಹೇಳಿದೀನಿ. ಹಜಾರದಲ್ಲಿ ಕೂತು ತಿಂಡಿ ತಿಂದು ಹೋಗೋಣ."

"ಇವತ್ತು ಬೇಡ."

ಬಸ್‌ಸ್ಟ್ಯಾಂಡಿನಲ್ಲಿ ಶಿರಾ ಬಸ್ಸು ಹೊರಡಲು ಸಿದ್ಧವಾಗಿತ್ತು. ನರಸಿಂಹರಾಜು ಡೋಲನ್ನು ಹೆಗಲಿಗೆ ಹಾಕಿಕೊಂಡ. ಪ್ರಭುದೇವ ಕೆಳಗಿಳಿದು ಬಂದು ಅವನ ಎದುರು ನಿಂತ.

"ಚೆನ್ನಾಗಿ ಬಂತು ಹಾಡು," ಎಂದ ನರಸಿಂಹರಾಜು. "ನಿನ್ ಬಾಸೂ ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳ್ಲಿ."

"ಮುಂದಿನ ಭಾನುವಾರ..."

"ಮುಂದೆ ಪ್ರೋಗ್ರಾಂ ಏನಾದ್ರೂ ಬಂದ್ರೆ ಶ್ರೀಲತಾ ಮೇಡಂ ಕೈಲಿ ನಂಗೇ ನೇರ ಫೋನ್ ಮಾಡ್ಸು. ನೀನು ಹೇಳೋದು ಬೇಡ."

"ಆಗ್ಲಿ," ಎಂದ ಪ್ರಭುದೇವ.

ಕಂಡಕ್ಟರ್ ಸೀಟಿ ಊದಿದ. ನರಸಿಂಹರಾಜು ಡೋಲನ್ನು ಮುಂದೆ ಹಿಡಿದುಕೊಂಡು ಬಸ್ಸು ಹತ್ತಿ, ಕಿಟಕಿಯ ಪಕ್ಕ ಕುಳಿತು, ಅದನ್ನು ತೊಡೆಯ ಮೇಲಿಟ್ಟುಕೊಂಡ. ಪ್ರಭುದೇವ ಬಸ್ಸು ತಿರುವು ದಾಟುವವರೆಗೆ ನಿಂತಿದ್ದ. ಆಮೇಲೆ ಓಮ್ನಿಗೆ ಬಂದು ಕುಳಿತ. ಎಚ್ಚರಗೊಂಡ ಓಬಳಮ್ಮ, "ರಾಜಣ್ಣ ಇಳಿದ್ನಾ?" ಎಂದು ಕೇಳಿದಳು. ಹೌದೆಂದು ಹೇಳಿ ಅವನು ಪಾವಗಡದ ರಸ್ತೆಗೆ ಗಾಡಿ ತಿರುಗಿಸಿದ.